ಬೇಡನೂ ಅವನ ಮೃಗವೂ

ಮೃಗವನ್ನು ಕೊಲ್ಲುವ ವಿದ್ಯೆಯೂ ಮೃಗವನ್ನು ಪಳಗಿಸುವ ವಿದ್ಯೆಯೂ ಒಬ್ಬನಲ್ಲಿಯೇ ಕೂಡಿರುವುದು ಲೋಕದಲ್ಲಿ ಹೊಸತಲ್ಲ. ಆನೆಯನ್ನು ಕೆಡಹಲು ಗುಂಡಿ ತೋಡುವವನೇ ಅದರ ಗಾಯಕ್ಕೆ ಮದ್ದನ್ನೂ ಅರೆಯುತ್ತಿದ್ದನು. ಆದರೆ ಕಾಡೂ ಇಲ್ಲದೆ, ಮೃಗವೂ ಇಲ್ಲದೆ, ಗಣಕಯಂತ್ರದ ಗಾಜಿನ ಮೇಲಣ ಬೆಳಕಿನ ಚಿತ್ರಗಳಲ್ಲಿಯೇ ಲಕ್ಷಗಟ್ಟಲೆ ಜನರು ಈ ಎರಡು ವಿದ್ಯೆಗಳನ್ನೂ ಅಭ್ಯಾಸಮಾಡಿದರೆಂಬುದು ಮಾತ್ರ ಸೋಜಿಗವೇ ಸರಿ. ಕ್ಯಾಲಿಫೋರ್ನಿಯಾದ ಬ್ಲಿಝರ್ಡ್ ಎಂಬ ಸಂಸ್ಥೆಯವರು ೨೦೦೪ನೆಯ ಇಸವಿ ನವೆಂಬರ್ ೨೩ರಂದು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟವನ್ನು ಹೊರತಂದರು. ಅಜೆರಾತ್ ಎಂಬುದು ಅದರಲ್ಲಿ ಬರುವ ಕಲ್ಪಿತ ಲೋಕ. ಬೇರೆಬೇರೆ ಊರುಗಳಲ್ಲಿ ಕುಳಿತವರು ಅಂತರ್ಜಾಲದ ಮೂಲಕ ಏಕಕಾಲದಲ್ಲಿ ಆ ಲೋಕವನ್ನು ಹೊಕ್ಕು, ತಮಗೆ ಬೇಕಾದ ಕುಲವನ್ನೂ ವೃತ್ತಿಯನ್ನೂ ಆರಿಸಿಕೊಂಡು ಅಲ್ಲಿ ಬಾಳುತ್ತಾರೆ. ಯೋಧ, ಪುರೋಹಿತ, ಮಾಂತ್ರಿಕ ಮೊದಲಾದ ವೃತ್ತಿಗಳ ನಡುವೆ ‘ಹಂಟರ್’ ಎಂಬುದೊಂದುಂಟು. ಬೇಡ ಎಂಬುದೇ ಅದಕ್ಕೆ ಒಪ್ಪುವ ಕನ್ನಡ. ಉಳಿದವರು ಒಂಟಿಯಾಗಿ ತಿರುಗಿದರೂ ಬೇಡನ ಬೆನ್ನಿಗೆ ಯಾವಾಗಲೂ ಒಂದು ಪ್ರಾಣಿಯಿರುತ್ತದೆ.

ಮೊದಲಲ್ಲಿ ಅವನಿಗೂ ಪ್ರಾಣಿಯಿರುವುದಿಲ್ಲ. ಮೂಲದ ಆಟದಲ್ಲಿ ೬೦ ಮೆಟ್ಟಿಲುಗಳಿದ್ದವು. ಹತ್ತನೆಯ ಮೆಟ್ಟಿಲನ್ನು ಹತ್ತುವವರೆಗೂ ಬೇಡನು ಒಬ್ಬನೇ. ಅಲ್ಲಿಗೆ ಬಂದಾಗ ಗುರುವು ಒಂದು ಕೋಲನ್ನು ಕೊಟ್ಟು, ಮೂರು ಮೃಗಗಳನ್ನು ಒಂದಾದಮೇಲೊಂದರಂತೆ ಪಳಗಿಸಿ ತೋರಿಸೆಂದು ಅಪ್ಪಣೆಮಾಡುತ್ತಾನೆ. ಕುಬ್ಜರ ಕುಲದಲ್ಲಿ ಹುಟ್ಟಿದವನಿಗೆ ಡನ್ ಮೊರೋ ಎಂಬ ಹಿಮದ ನಾಡಿನಲ್ಲಿ ಹಂದಿ, ಹಿಮಚಿರತೆ, ಕರಡಿ ಇವೇ ಆ ಮೂರು. ಈ ಪರೀಕ್ಷೆ ಮುಗಿದ ಮೇಲೆ ಪಳಗಿಸುವ ಶಕ್ತಿ ಅವನಿಗೆ ಸ್ವಂತವಾಗುತ್ತದೆ. ಅದನ್ನು ಪ್ರಯೋಗಿಸುವ ಕ್ರಮವನ್ನು ಏರ್ಪಡಿಸಿದವರು ಮೃಗದ ಸ್ವಭಾವವನ್ನು ಚೆನ್ನಾಗಿ ಯೋಚಿಸಿದ್ದರೆಂದು ಹೇಳಬೇಕು. ಬೇಡನು ಇಪ್ಪತ್ತು ಸೆಕೆಂಡುಗಳ ಕಾಲ ಮೃಗದೆದುರಿನಲ್ಲಿ ಕದಲದೆ ನಿಲ್ಲಬೇಕು. ಅಷ್ಟು ಹೊತ್ತೂ ಅದು ಅವನನ್ನು ಕಚ್ಚಿ ಪರಚುತ್ತಿರುತ್ತದೆ. ಅಷ್ಟು ಹೊತ್ತೂ ಅವನ ಕವಚವು ಸೊನ್ನೆಯಾಗಿರುತ್ತದೆ. ತಿರುಗಿ ಹೊಡೆದರೆ ಕೆಲಸ ಕೆಟ್ಟಿತು, ಹಿಂಜರಿದರೂ ಕೆಟ್ಟಿತು. ಇಪ್ಪತ್ತು ಸೆಕೆಂಡು ಎಂದರೆ ಒಂದು ಶ್ಲೋಕವನ್ನು ನಿಧಾನವಾಗಿ ಹೇಳಿಕೊಳ್ಳುವಷ್ಟು ಕಾಲ. ಕಚ್ಚಿಸಿಕೊಳ್ಳುತ್ತ ನಿಂತವನಿಗೆ ಅದೇ ದೀರ್ಘವೆನಿಸುತ್ತದೆ.

ಪಳಗಿಸಿದ ಮಾತ್ರಕ್ಕೆ ಮೃಗವು ತನ್ನದಾಗುವುದಿಲ್ಲ. ಹಳೆಯ ಆಟದಲ್ಲಿ ನಿಷ್ಠೆಗೆ ಆರು ಹಂತಗಳಿದ್ದವು: ತಿರುಗಿಬೀಳುವುದು ಮೊದಲನೆಯದು, ಪರಮಮಿತ್ರನಾಗುವುದು ಕೊನೆಯದು. ಜೊತೆಯಲ್ಲಿ ಕಾದಾಡಿ, ಹೊತ್ತಿಗೆ ಸರಿಯಾಗಿ ಉಣಿಸಿದರೆ ಮಾತ್ರ ಅದು ಒಂದೊಂದೇ ಹಂತವನ್ನು ಏರುತ್ತಿತ್ತು. ಆಹಾರದ ವಿಚಾರದಲ್ಲಿಯೂ ಜಾತಿಗೊಂದು ನಿಯಮ. ಹುಲಿ ಚಿರತೆಗಳಿಗೆ ಮಾಂಸ, ಮೀನುಗಳಲ್ಲದೆ ಬೇರೆಯದು ಸೇರದು. ಕರಡಿಗೂ ಹಂದಿಗೂ ರೊಟ್ಟಿ, ಗಿಣ್ಣು, ಹಣ್ಣು, ಅಣಬೆ ಎಲ್ಲವೂ ಆಗುತ್ತದೆ. ಹೊಟ್ಟೆ ತುಂಬಿ ಸಂತೋಷದಲ್ಲಿರುವ ಮೃಗವು ಸಾಮಾನ್ಯಕ್ಕಿಂತ ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚಾಗಿ ಹೊಡೆಯುತ್ತಿತ್ತು, ಅಸಂತುಷ್ಟವಾದದ್ದು ಅಷ್ಟೇ ಕಡಿಮೆ. ತೀರ ಅನಾದರಮಾಡಿದರೆ ಅದು ಒಂದು ದಿನ ಒಡೆಯನನ್ನು ಬಿಟ್ಟು ಓಡಿಹೋಗುತ್ತಿತ್ತು. ಆದಕಾರಣ ಬೇಡನ ಜೋಳಿಗೆಯಲ್ಲಿ ಬಾಣಗಳಿಗೊಂದು ಭಾಗ, ಮೀನು ಮಾಂಸಗಳಿಗೊಂದು ಭಾಗ ಹೋಗಿ, ಗೆದ್ದ ಸಾಮಾನುಗಳನ್ನಿಡಲು ಸ್ಥಳವೇ ಸಾಲದಾಗುತ್ತಿತ್ತು.

ಇವೆಲ್ಲಕ್ಕಿಂತ ಸ್ವಾರಸ್ಯವಾದುದು ವಿದ್ಯಾಭ್ಯಾಸದ ಕ್ರಮ. ಕಚ್ಚುವುದು, ಪರಚುವುದು, ಹೊಂಚುಹಾಕುವುದು, ಹಾರಿ ಓಡುವುದು ಮೊದಲಾದ ವಿದ್ಯೆಗಳಲ್ಲಿ ಹೆಚ್ಚಿನವನ್ನು ಬೇಡನು ಗುರುವಿನಿಂದ ಕಲಿಯುವಂತಿರಲಿಲ್ಲ. ಯಾವ ಕಾಡಿನ ಯಾವ ಮೃಗಕ್ಕೆ ಆ ವಿದ್ಯೆ ಬರುವುದೆಂದು ವಿಚಾರಿಸಿ ತಿಳಿದು, ಅಲ್ಲಿಗೆ ಹೋಗಿ ಅದನ್ನು ಪಳಗಿಸಿ, ಜೊತೆಯಲ್ಲಿ ಕರೆದುಕೊಂಡು ಕಾದಾಡುತ್ತಿದ್ದರೆ, ಅದು ಆ ವಿದ್ಯೆಯನ್ನು ಪ್ರಯೋಗಿಸುವುದನ್ನು ಕಂಡು ಕಂಡು ಯಾವುದೋ ಒಂದು ಕ್ಷಣದಲ್ಲಿ ಬೇಡನಿಗೇ ಅದು ಬಂದುಬಿಡುತ್ತಿತ್ತು. ಆಮೇಲೆ ಅವನು ತನ್ನ ಸ್ವಂತ ಮೃಗಕ್ಕೆ ಅದನ್ನು ಕಲಿಸುವನು. ಎಂದರೆ ಕಾಡುಮೃಗವೇ ಗುರು, ಬೇಡನು ಶಿಷ್ಯ, ಮನೆಯ ಮೃಗವು ಪ್ರಶಿಷ್ಯ. ಅಂಗದೇಶದ ರೋಮಪಾದನಿಗೆ ಗಜಶಾಸ್ತ್ರವನ್ನು ಹೇಳಿದ ಪಾಲಕಾಪ್ಯನು ಆನೆಗಳ ನಡುವೆಯೇ ಬೆಳೆದವನೆಂದು ಪೂರ್ವಿಕರು ಕಥೆ ಹೇಳುತ್ತಾರೆ. ಆಟವನ್ನು ರಚಿಸಿದವರು ಆ ಕಥೆಯನ್ನು ಕೇಳಿರಲಾರರು. ಆದರೂ ಅವರ ಬುದ್ಧಿ ಹರಿದದ್ದು ಆ ದಾರಿಯಲ್ಲಿಯೇ.

ಇನ್ನು ಯುದ್ಧದ ಮಾತು. ಈ ಆಟದ ಶತ್ರುಗಳ ತಲೆಯೊಳಗೆ ದ್ವೇಷದ ಒಂದು ಲೆಕ್ಕವಿರುತ್ತದೆ. ಯಾರು ಹೆಚ್ಚು ಕೆರಳಿಸಿದರೋ ಅವರ ಕಡೆಗೆ ಅವು ತಿರುಗುತ್ತವೆ. ಬೇಡನು ಮೊದಲು ಮೃಗವನ್ನು ಮುಂದಕ್ಕೆ ಬಿಡಬೇಕು. ಅದು ಗುರುಗುಟ್ಟಿ ಶತ್ರುವಿನ ದ್ವೇಷವನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳುವವರೆಗೂ ಬಿಲ್ಲನ್ನು ಕೆಳಗಿಟ್ಟು ಕಾಯಬೇಕು. ಹೊಸಬರು ಕೆಡುವುದು ಇಲ್ಲಿಯೇ. ಮೃಗವು ಎರಡು ಹೆಜ್ಜೆ ಹೋಗುವುದರೊಳಗಾಗಿ ಬಾಣ ಬಿಟ್ಟು, ಶತ್ರುವು ತಮ್ಮ ಮೇಲೆಯೇ ಹಾಯ್ದಾಗ ಮೃಗವನ್ನು ದೂರುತ್ತಾರೆ. ಹಳೆಯ ಆಟದ ಇನ್ನೊಂದು ತೊಡಕು ದೂರದ್ದು. ಬಿಲ್ಲಿಗೆ ಎಂಟು ಗಜಗಳಾದರೂ ಅಂತರ ಬೇಕು. ಕತ್ತಿಗೆ ಐದು ಗಜದೊಳಗಿರಬೇಕು. ನಡುವಿನ ಮೂರು ಗಜಗಳಲ್ಲಿ ಬೇಡನಿಗೆ ಎರಡೂ ಇಲ್ಲ. ಚತುರನಾದ ಮಾಂತ್ರಿಕನು ಬೇಡನ ಕಾಲುಗಳನ್ನು ಹಿಮದಿಂದ ಬಂಧಿಸಿ ಸರಿಯಾಗಿ ಆ ಪಟ್ಟಿಯಲ್ಲಿಯೇ ನಿಂತು ಮಂತ್ರ ಜಪಿಸುತ್ತಿದ್ದನು. ಆಗ ಒಡೆಯನ ಪ್ರಾಣವು ಮೃಗದ ಹಲ್ಲಿನಲ್ಲಿರುತ್ತಿತ್ತು. ಏಕೆಂದರೆ ಪೆಟ್ಟು ಬಿದ್ದಷ್ಟು ಸಾರಿಯೂ ಮಂತ್ರವು ಹಿಂದಕ್ಕೆ ಸರಿಯುತ್ತದೆ. ಸೆಕೆಂಡಿಗೊಂದು ಪೆಟ್ಟು ಕೊಡುತ್ತಿದ್ದ ‘ಬ್ರೋಕನ್ ಟೂತ್’ ಎಂಬ ಒಂದು ಬೆಕ್ಕಿಗಾಗಿ ಬ್ಯಾಡ್‌ಲ್ಯಾಂಡ್ಸ್ ಎಂಬ ಬರಡುನಾಡಿನಲ್ಲಿ ಬೇಡರು ರಾತ್ರಿಗಳನ್ನು ಕಳೆದರೆಂದರೆ ಅದು ಬರಿಯ ವ್ಯಾಮೋಹವಾಗಿರಲಿಲ್ಲ.

ಸತ್ತಂತೆ ಬೀಳುವುದು ಬೇಡನ ಇನ್ನೊಂದು ತಂತ್ರ. ಆಗೆಲ್ಲ ಯುದ್ಧದ ನಡುವೆ ಬಲೆಯೊಡ್ಡಲು ಆಗುತ್ತಿರಲಿಲ್ಲ. ಮೃಗವನ್ನು ಹಿಂದಕ್ಕೆ ಕರೆದು, ನೆಲದ ಮೇಲೆ ಶವದಂತೆ ಬಿದ್ದು, ಶತ್ರುವು ಮರೆತ ಕ್ಷಣದಲ್ಲಿ ಎದ್ದು ಹಿಮದ ಬಲೆಯನ್ನು ಹಾಸುವುದು ನಿಪುಣರ ಲಕ್ಷಣವಾಗಿತ್ತು. ಇದೇ ತಂತ್ರಕ್ಕೆ ಹೀನವಾದ ಉಪಯೋಗವೂ ಉಂಟು. ಸೋಲು ಖಂಡಿತವಾದಾಗ ಒಡೆಯನು ಸತ್ತಂತೆ ಬಿದ್ದುಕೊಂಡರೆ ಶತ್ರುಗಳೆಲ್ಲ ಮೃಗದ ಮೇಲೆ ಬೀಳುತ್ತವೆ. ಅದು ನಿಜವಾಗಿ ಸಾಯುತ್ತದೆ, ಅವನು ಏಳುತ್ತಾನೆ. ಮತ್ತೆ ಬದುಕಿಸಬಹುದು, ನಿಜ. ಆದರೆ ಬದುಕಿದ ಮೃಗವು ಸಂತೋಷವಾಗಿರುತ್ತಿರಲಿಲ್ಲ. ಅದಕ್ಕೆ ಕೂತು ಉಣಿಸಬೇಕಾಗುತ್ತಿತ್ತು.

ಬೇಡರಿಗೆ ಸಹಚರರಲ್ಲಿ ಕೆಟ್ಟ ಹೆಸರು ಬಂದದ್ದು ಮಾತ್ರ ಬೇರೊಂದು ಕಾರಣದಿಂದ. ಗುಹೆಗಳಲ್ಲಿ ಐದು ಜನರು ಕೂಡಿ ಹೋಗುವಾಗ ಒಂದು ಕಟ್ಟೆಯಿಂದ ಕೆಳಕ್ಕೆ ಹಾರುತ್ತಾರೆ. ಮನುಷ್ಯರು ಹಾರುತ್ತಾರೆ, ಮೃಗವು ಹಾರದೆ ದಾರಿ ಹುಡುಕಿಕೊಂಡು ಸುತ್ತಿ ಬರುತ್ತದೆ, ದಾರಿಯಲ್ಲಿದ್ದ ರಾಕ್ಷಸರೆಲ್ಲರನ್ನೂ ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಹಾರುವ ಮೊದಲು ಮೃಗವನ್ನು ಕಳುಹಿಸಿಬಿಡಬೇಕೆಂಬುದು ಹೀಗೆ ಎಲ್ಲರೂ ಒಮ್ಮೆ ಸತ್ತು ಕಲಿಯುವ ಪಾಠ.

ಆದರೆ ಕಳುಹಿಸುವುದರಿಂದಲೇ ಒಮ್ಮೆ ಮಹಾ ಅನಾಹುತವಾಯಿತು. ೨೦೦೫ನೆಯ ಇಸವಿ ಸೆಪ್ಟೆಂಬರ್ ೧೩ರಂದು ಜುಲ್‌ಗುರುಬ್ ಎಂಬ ಹೊಸ ಸ್ಥಾನವನ್ನು ತೆರೆದರು. ಅಲ್ಲಿಯ ಹಕ್ಕಾರ್ ಎಂಬ ರಕ್ತದೇವತೆಯು ತನ್ನೊಡನೆ ಕಾದುವವರಿಗೆ ಒಂದು ಸೋಂಕನ್ನು ಹತ್ತಿಸುತ್ತಿತ್ತು. ಪಕ್ಕದಲ್ಲಿ ನಿಂತವರಿಗೆ ಅದು ದಾಟುತ್ತಿತ್ತು. ಅದು ಆ ಸ್ಥಾನವನ್ನು ಬಿಟ್ಟು ಹೊರಬರಬಾರದೆಂಬುದು ರಚಿಸಿದವರ ಉದ್ದೇಶ. ಮೃಗಗಳನ್ನು ಅವರು ಮರೆತಿದ್ದರು. ಸೋಂಕು ತಗುಲಿದ ಮೃಗವನ್ನು ಅದು ಸಾಯದಿರಲೆಂದು ಕಳುಹಿಸಿಬಿಟ್ಟ ಬೇಡನು, ಪಟ್ಟಣಕ್ಕೆ ಹಿಂದಿರುಗಿ ಅದನ್ನು ಮತ್ತೆ ಕರೆದಾಗ ಸೋಂಕೂ ಅದರೊಡನೆ ಬಂತು. ಐರನ್‌ಫೋರ್ಜ್, ಆರ್ಗ್ರಿಮಾರ್ ಮೊದಲಾದ ನಗರಗಳ ಬೀದಿಗಳಲ್ಲಿ ಎಲುಬುಗಳು ಬಿದ್ದವು. ತಮಗೆ ಸಾವಿಲ್ಲದ ಅಂಗಡಿಯವರು ರೋಗವನ್ನು ಹೊತ್ತು ಬಂದವರಿಗೆಲ್ಲ ಹಂಚಿದರು. ಕೆಲವರು ವೈದ್ಯಮಾಡಲು ನಿಂತರು, ಕೆಲವರು ಊರು ಬಿಟ್ಟು ಓಡಿದರು, ಕೆಲವರು ಬೇಕೆಂದೇ ಹರಡಿದರು. ಊರುಗಳನ್ನು ಪ್ರತ್ಯೇಕಿಸುವ ಯತ್ನಗಳು ಫಲಿಸಲಿಲ್ಲ. ಯಂತ್ರಗಳನ್ನು ನಿಲ್ಲಿಸಿ ನಿಯಮಗಳನ್ನೇ ತಿದ್ದಬೇಕಾಯಿತು. ಎರಿಕ್ ಲಾಫ್‌ಗ್ರೆನ್, ನೀನಾ ಫೆಫರ್‌ಮನ್ ಎಂಬಿಬ್ಬರು ವಿದ್ವಾಂಸರು ೨೦೦೭ರಲ್ಲಿ ‘ಲ್ಯಾನ್ಸೆಟ್ ಇನ್‌ಫೆಕ್ಷಸ್ ಡಿಸೀಸಸ್’ ಎಂಬ ವೈದ್ಯಪತ್ರಿಕೆಯಲ್ಲಿ ಇದನ್ನು ವಿಮರ್ಶಿಸಿ, ಜನರು ಸಾಂಕ್ರಾಮಿಕದಲ್ಲಿ ಹೇಗೆ ನಡೆದುಕೊಳ್ಳುವರೆಂಬುದಕ್ಕೆ ಇಂಥ ಲೋಕಗಳು ದೃಷ್ಟಾಂತವಾಗಬಹುದೆಂದು ತೋರಿಸಿದರು. ೨೦೨೦ರಲ್ಲಿ ಕೊರೋನ ಬಂದಾಗ ಅನೇಕರು ಆ ಲೇಖನವನ್ನು ಜ್ಞಾಪಿಸಿಕೊಂಡರು. ಅದನ್ನು ತಂದ ಬೇಡನಿಗೆ ದುರುದ್ದೇಶವಿರಲಿಲ್ಲ. ತನ್ನ ಪ್ರಾಣಿ ಉಳಿಯಲೆಂಬುದಷ್ಟೇ ಅವನ ಆಸೆ.

ಮೃಗದ ಹಸಿವು ಕಾಲಕ್ರಮದಲ್ಲಿ ಆಟದಿಂದ ಹೊರಟುಹೋಯಿತು. ನಿಷ್ಠೆಯ ಹಂತಗಳನ್ನೂ ಕಾಡುಮೃಗದಿಂದ ವಿದ್ಯೆ ಕಲಿಯುವ ಕ್ರಮವನ್ನೂ ೨೦೦೮ರಲ್ಲಿ ತೆಗೆದರು. ೨೦೧೧ರ ಏಪ್ರಿಲ್‌ನಲ್ಲಿ ಸಂತೋಷದ ಲೆಕ್ಕವನ್ನೇ ತೆಗೆದು, ಉಂಡ ಮೃಗಕ್ಕಿದ್ದ ಹೆಚ್ಚಿನ ಬಲವನ್ನು ಎಲ್ಲ ಮೃಗಗಳಿಗೂ ಸಹಜವೆಂದು ಮಾಡಿದರು. ೨೦೧೪ರಲ್ಲಂತೂ ಮೃಗವಿಲ್ಲದೆ ಒಂಟಿಯಾಗಿ ಹೋಗುವ ಬೇಡನಿಗೇ ಹೆಚ್ಚು ಬಲ ಕೊಡುವ ಒಂದು ವಿದ್ಯೆ ಬಂತು. ಇದನ್ನು ಮೆಚ್ಚಿದವರ ವಾದವನ್ನು ತಳ್ಳಿಹಾಕುವಂತಿಲ್ಲ: ಯೋಧನ ಕತ್ತಿಗೆ ಹಸಿವಿಲ್ಲ, ಮಾಂತ್ರಿಕನ ಕೋಲಿಗೆ ಮುನಿಸಿಲ್ಲ, ಬೇಡನೊಬ್ಬನಿಗೆ ಮಾತ್ರ ಈ ಕಾಟವೇಕೆ? ಆದರೆ ಕತ್ತಿಯು ಓಡಿಹೋಗಲಾರದು. ಓಡಿಹೋಗಲಾರದ ಮೃಗವೂ ಕತ್ತಿಯೇ. ಹತ್ತನೆಯ ಮೆಟ್ಟಿಲಿನಲ್ಲಿ ಹಿಡಿದ ದುರ್ಬಲವಾದ ಮೊದಲ ಕರಡಿಯನ್ನೇ, ಅದಕ್ಕಿಂತ ಮೇಲಾದವು ನೂರಾರು ಸಿಕ್ಕುವಂತಿದ್ದರೂ, ಕೊನೆಯವರೆಗೂ ಬಿಡದೆ ಇಟ್ಟುಕೊಂಡವರಿದ್ದರು. ಅವರ ಪಕ್ಷದ ಮಾತು ಯಾವ ಲೆಕ್ಕದ ಪಟ್ಟಿಗೂ ಸೇರುವಂಥದಲ್ಲ.

೨೦೧೯ರ ಆಗಸ್ಟ್‌ನಲ್ಲಿ ಸಂಸ್ಥೆಯವರು ಹಳೆಯ ಆಟವನ್ನು ಹಳೆಯ ನಿಯಮಗಳೊಡನೆಯೇ ಮತ್ತೆ ತೆರೆದರು. ಇಪ್ಪತ್ತು ಸೆಕೆಂಡುಗಳ ನಿಲುವು, ಮೂರು ಗಜಗಳ ಕುರುಡುಪಟ್ಟಿ, ಬಾಣಗಳ ಭಾರ, ಆರು ಹಂತಗಳ ನಿಷ್ಠೆ ಎಲ್ಲವೂ ಬಂದವು. ಹದಿನೈದು ವರ್ಷ ಹಿಂದೆ ಆಡಿದವರು ಡನ್ ಮೊರೋದ ಹಿಮದಲ್ಲಿ ಮತ್ತೆ ಕೋಲು ಹಿಡಿದು ನಿಂತರು. ಕಚ್ಚಿಸಿಕೊಂಡು ಕರಡಿಯನ್ನು ತಮ್ಮದಾಗಿ ಮಾಡಿಕೊಂಡ ಮೇಲೆ ರೊಟ್ಟಿ ತರಲು ಊರೊಳಗಿನ ಅಂಗಡಿಗೆ ಹೋದರು.