ದಿನದ ಕೂಲಿ ಮತ್ತು ಎಂಟು ಚಿನ್ನ

ಮೊದಲಿಗೆ ಒಂದು ಸಣ್ಣ ಕ್ವಿಜ್. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಎಷ್ಟು ಚಿನ್ನದ ಪದಕ ಬಂದವು? ಉತ್ತರ: ಒಂದೇ ಒಂದು. ಅದು ಹಾಕಿಯಲ್ಲಿ ಬಂದಿದ್ದಲ್ಲ, ಓಟದಲ್ಲೂ ಅಲ್ಲ, ಕಬಡ್ಡಿಯಲ್ಲಿ. ಕಬಡ್ಡಿಗೆ ಏಷ್ಯನ್ ಗೇಮ್ಸ್‌ನಲ್ಲಿ ಪದಕ ಕೊಡೋಕೆ ಶುರು ಮಾಡಿದ್ದೂ ಅದೇ ವರ್ಷ.

ಅಲ್ಲಿಂದ ಮುಂದೆ ನಮ್ಮ ಪುರುಷರ ತಂಡ 2014ರವರೆಗೆ ಸಾಲಾಗಿ ಏಳು ಚಿನ್ನ ಗೆದ್ದಿತು. 2018ರಲ್ಲಿ ಒಮ್ಮೆ ತಪ್ಪಿತು, 2023ರಲ್ಲಿ ಹಾಂಗ್‌ಝೌನಲ್ಲಿ ಮತ್ತೆ ಸಿಕ್ಕಿತು. ಒಟ್ಟು ಎಂಟು. ವಿಶ್ವಕಪ್ 2004, 2007, 2016ರಲ್ಲಿ ನಡೆದಾಗ ಮೂರೂ ಸಲ ಗೆದ್ದವರು ನಾವೇ, ಮೂರೂ ಫೈನಲ್‌ನಲ್ಲಿ ಸೋತವರು ಇರಾನಿನವರು. ಮಹಿಳೆಯರ ಆಟ ಏಷ್ಯನ್ ಗೇಮ್ಸ್‌ಗೆ ಸೇರಿದ್ದು 2010ರಲ್ಲಿ. ಅವರಿಗೂ ಅಲ್ಲಿ ಮೂರು ಚಿನ್ನ ಇವೆ. 2023ರಲ್ಲಿ ಭಾರತ ಮೊದಲ ಸಲ ನೂರು ಪದಕ ಮುಟ್ಟಿತು ಅಂತ ಪೇಪರಿನಲ್ಲೆಲ್ಲ ಬಂತಲ್ಲ, ಆ ನೂರನೇ ಪದಕ ನಮ್ಮ ಮಹಿಳಾ ಕಬಡ್ಡಿ ತಂಡದ್ದು. ಚೈನೀಸ್ ತೈಪೆ ವಿರುದ್ಧ 26-25, ಒಂದೇ ಪಾಯಿಂಟಿನಲ್ಲಿ ಬಂದ ಚಿನ್ನ.

ಇದನ್ನೆಲ್ಲ ನಾನು ಒಂದು ಎಕ್ಸೆಲ್ ಶೀಟಿನಲ್ಲಿ ಬರೆದಿಟ್ಟಿದ್ದೇನೆ. ಇಂಗ್ಲಿಷ್ ಮೀಡಿಯಂ ಹುಡುಗ, ಏನೇ ವಿಷಯ ಬಂದರೂ ಮೊದಲು ಟೇಬಲ್ ಹಾಕೋದು ಅಭ್ಯಾಸ. ಹಾಸ್ಟೆಲ್ ರೂಮಿನಲ್ಲಿ ತೋರಿಸಿದಾಗ ಒಬ್ಬ ಗೆಳೆಯ ನಕ್ಕ. "ಮಗಾ, ಬೇರೆ ದೇಶದವರು ಸರಿಯಾಗಿ ಆಡೋದೇ ಇಲ್ಲ. ಆಡೋರೇ ಇಲ್ಲದ ಆಟದಲ್ಲಿ ಎಂಟು ಚಿನ್ನ ಆದ್ರೇನು, ಎಂಬತ್ತು ಆದ್ರೇನು?" ಅಂದ.

ಮಾತು ಚುಚ್ಚಿತು, ಆದರೆ ಪ್ರಶ್ನೆ ನಿಜ. ಹೀಗೆ ಕೆಲವೇ ದೇಶಗಳು ಗಂಭೀರವಾಗಿ ಆಡುವ, ಒಂದೇ ದೇಶ ಗೆಲ್ಲುವ ಆಟ ಬೇರೆ ಯಾವುದಿದೆ ಅಂತ ಹುಡುಕಿದೆ. ಸಿಕ್ಕಿದ್ದು ರಗ್ಬಿ ಲೀಗ್. ನಾವು ಒಲಿಂಪಿಕ್ಸ್‌ನಲ್ಲಿ ನೋಡೋ ರಗ್ಬಿ ಬೇರೆ, ಇದು ಬೇರೆ. ಇದರಲ್ಲಿ ಒಂದು ಕಡೆಗೆ 13 ಜನ. ಚೆಂಡು ಹಿಡಿದವನನ್ನು ಎದುರು ತಂಡ ಹಿಡಿದು ಕೆಡವಬೇಕು, ಆರು ಸಲ ಕೆಡವಿದರೆ ಚೆಂಡು ಅವರ ಕೈಗೆ. ನೋಡ್ತಾ ಇದ್ದರೆ ನಮ್ಮ ಕಬಡ್ಡಿಯ ಅಣ್ಣನೋ ತಮ್ಮನೋ ಅನ್ನಿಸುತ್ತೆ. ದಾಖಲೆಯೂ ಹಾಗೇ ಇದೆ. 1954ರಿಂದ 16 ವಿಶ್ವಕಪ್ ನಡೆದಿವೆ, 12 ಆಸ್ಟ್ರೇಲಿಯಾದ್ದು. ಗ್ರೇಟ್ ಬ್ರಿಟನ್ ಮೂರು, ನ್ಯೂಜಿಲೆಂಡ್ ಒಂದು. 2000ದಲ್ಲಿ ಆಸ್ಟ್ರೇಲಿಯಾ ರಷ್ಯಾವನ್ನು 110-4ರಿಂದ ಸೋಲಿಸಿತು. ಅದರಲ್ಲಿ ರಯಾನ್ ಗರ್ಡ್ಲರ್ ಒಬ್ಬನೇ ಹೊಡೆದದ್ದು 46 ಪಾಯಿಂಟ್.

ಆದರೆ ಆ ಆಟದ ಅಭಿಮಾನಿಗಳು 110-4ರ ಬಗ್ಗೆ ಅಷ್ಟು ಮಾತಾಡಲ್ಲ. ಅವರು ಮಾತಾಡೋದು 2008ರ ಬಗ್ಗೆ. ಆಸ್ಟ್ರೇಲಿಯಾದ ನೆಲದಲ್ಲೇ, ಬ್ರಿಸ್ಬೇನ್‌ನಲ್ಲಿ, ನ್ಯೂಜಿಲೆಂಡ್ 34-20ರಿಂದ ಗೆದ್ದ ಫೈನಲ್ ಬಗ್ಗೆ. 2019ರಲ್ಲಿ ಟೋಂಗಾ ಅನ್ನೋ ಪುಟ್ಟ ದ್ವೀಪದೇಶ ಅದೇ ಆಸ್ಟ್ರೇಲಿಯಾವನ್ನು 16-12ರಿಂದ ಕೆಡವಿದ್ದರ ಬಗ್ಗೆ. ಒಬ್ಬನೇ ಗೆಲ್ಲೋ ಆಟಕ್ಕೆ ಬೆಲೆ ಬರೋದು ಅವನು ಸೋತ ದಿನ ಅಂತ ನನಗೆ ಆಗ ಅನ್ನಿಸಿತು.

ನಮಗೂ ಅಂಥ ದಿನಗಳು ಬಂದಿವೆ. 2016ರ ವಿಶ್ವಕಪ್, ಅಹಮದಾಬಾದ್, ಮೊದಲನೇ ಮ್ಯಾಚ್. ದಕ್ಷಿಣ ಕೊರಿಯಾ 34, ಭಾರತ 32. ಗೆಲ್ಲಿಸಿದ ಜಾಂಗ್ ಕುನ್ ಲೀ ನಮ್ಮ ಪ್ರೊ ಕಬಡ್ಡಿಯಲ್ಲೇ ಪಳಗಿದವನು. ಎರಡು ವರ್ಷ ಬಿಟ್ಟು 2018, ಜಕಾರ್ತಾ. ಸೆಮಿಫೈನಲ್‌ನಲ್ಲಿ ಇರಾನ್ ನಮ್ಮ ಹುಡುಗರನ್ನು 27-18ರಿಂದ ಸೋಲಿಸಿತು. ಮಾರನೇ ದಿನ ಫೈನಲ್‌ನಲ್ಲಿ ಇರಾನಿನ ಮಹಿಳೆಯರು ನಮ್ಮವರನ್ನು 27-24ರಿಂದ ಸೋಲಿಸಿದರು. ಆ ಇರಾನ್ ಮಹಿಳಾ ತಂಡದ ಕೋಚ್ ಯಾರು ಗೊತ್ತಾ? ನಾಸಿಕ್‌ನ ಶೈಲಜಾ ಜೈನ್. ನಮ್ಮ ಲೀಗ್ ಅವರ ಆಟಗಾರರಿಗೆ ಪ್ರಾಕ್ಟೀಸ್ ಕೊಟ್ಟಿತು, ನಮ್ಮವರೇ ಹೋಗಿ ಕಲಿಸಿದರು, ಅವರು ಬಂದು ನಮ್ಮನ್ನೇ ಸೋಲಿಸಿದರು. ಅದಾದ ಮೇಲೆ ಬಂದ ಎಂಟನೇ ಚಿನ್ನ ನನ್ನ ಕಣ್ಣಿಗೆ ಮೊದಲಿನ ಏಳಕ್ಕಿಂತ ಭಾರ. ಇರಾನ್ ವಿರುದ್ಧದ ಆ ಫೈನಲ್ 28-28 ಇದ್ದಾಗ ಒಂದು ರೈಡ್ ವಿಚಾರಕ್ಕೆ ಜಗಳ ಆಗಿ ಆಟವೇ ನಿಂತುಹೋಗಿತ್ತು. ಕೊನೆಗೆ 33-29. ಆಡೋರೇ ಇಲ್ಲದ ಆಟದಲ್ಲಿ ಯಾರೂ ಹೀಗೆ ಜಗಳ ಆಡಲ್ಲ.

ಈಗ ಈ ಶೀಟ್ ಯಾಕೆ ಮಾಡಿದೆ ಅಂತ ಹೇಳ್ತೀನಿ.

ಸಿರುಗುಪ್ಪ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ. ಭತ್ತದ ಗದ್ದೆ, ಅದರಲ್ಲಿ ಅರ್ಧ ಗುತ್ತಿಗೆಗೆ ಹಿಡಿದದ್ದು. ಅವರ ಮಗಳು, ನನ್ನ ತಂಗಿ, ಕಬಡ್ಡಿ ಆಡ್ತಾಳೆ. ಲೆಫ್ಟ್ ಕಾರ್ನರ್. ರೈಡರ್ ಬೋನಸ್‌ಗೆ ಕಾಲು ಚಾಚಿದ ಕ್ಷಣ ಹಿಮ್ಮಡಿ ಹಿಡಿದಳು ಅಂದರೆ ಬಿಡೋ ಮಾತೇ ಇಲ್ಲ. ಕಳೆದ ವರ್ಷ ಎಸ್‌ಎಸ್‌ಎಲ್‌ಸಿ ಮುಗಿಸಿದಳು. ಆಗ ಕರಾವಳಿ ಕಡೆಯ ಒಂದು ಪಿಯು ಕಾಲೇಜಿನವರು ಸೆಲೆಕ್ಷನ್‌ನಲ್ಲಿ ಅವಳ ಆಟ ನೋಡಿ, ಫೀಸ್ ಇಲ್ಲ, ಹಾಸ್ಟೆಲ್ಲೂ ಫ್ರೀ, ಕಳಿಸಿ ಅಂದರು.

ನಮ್ಮ ಜಿಲ್ಲೆಯಲ್ಲೇ ದೊಡ್ಡ ಕ್ರೀಡಾ ಕೇಂದ್ರ ಇದೆ ಅಂತ ನೀವು ಕೇಳಬಹುದು. ಇದೆ. ತೋರಣಗಲ್ ಕಡೆ ವಿಜಯನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್. ಆದರೆ ಅಲ್ಲಿ ಕಲಿಸೋದು ಬಾಕ್ಸಿಂಗ್, ಕುಸ್ತಿ, ಜೂಡೋ, ಅಥ್ಲೆಟಿಕ್ಸ್, ಅಂದರೆ ಒಲಿಂಪಿಕ್ಸ್ ಆಟಗಳು. ಕಬಡ್ಡಿ ಒಲಿಂಪಿಕ್ಸ್‌ನಲ್ಲಿ ಇಲ್ಲ. ಹಾಗಾಗಿ ಸಿರುಗುಪ್ಪದ ಹುಡುಗಿ ಕಬಡ್ಡಿಗಾಗಿ ಸಮುದ್ರದ ತನಕ ಹೋಗಬೇಕು.

ಚಿಕ್ಕಮ್ಮ ಒಪ್ಪಿದ್ದರು. ಚಿಕ್ಕಪ್ಪ ಸುಮ್ಮನಿದ್ದರು. "ಅಣ್ಣ, ನೀನು ಬಂದು ಅಪ್ಪನಿಗೆ ಹೇಳು, ನಿನ್ನ ಮಾತು ಕೇಳ್ತಾರೆ" ಅಂತ ತಂಗಿ ಫೋನ್ ಮಾಡಿದಳು. ಮನೆಯಲ್ಲಿ ಇಂಜಿನಿಯರಿಂಗ್ ಓದೋನು ಅಂದರೆ ಎಲ್ಲಾ ಗೊತ್ತಿರುತ್ತೆ ಅಂತ ಲೆಕ್ಕ ಅಲ್ವಾ? ಬೇಸಿಗೆ ರಜೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಹೋದೆ. ಏಳು ಚಿನ್ನ, ಎಂಟು ಚಿನ್ನ, ಮೂರು ವಿಶ್ವಕಪ್ ಎಲ್ಲಾ ಹೇಳಿದೆ. ಕರ್ನಾಟಕದವರ ಲಿಸ್ಟೂ ಇತ್ತು: ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್, ಕೋಚ್ ಆಗಿ ಬೆಂಗಾಲ್ ವಾರಿಯರ್ಸ್‌ಗೂ ಪುಣೇರಿ ಪಲ್ಟನ್‌ಗೂ ಪ್ರೊ ಕಬಡ್ಡಿ ಕಪ್ ಗೆದ್ದುಕೊಟ್ಟವರು. 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದ ನಾಯಕಿ ತೇಜಸ್ವಿನಿ ಬಾಯಿ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ, 2012ರಲ್ಲಿ ಪಾಟ್ನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ಎತ್ತಿದ ನಾಯಕಿ.

ಚಿಕ್ಕಪ್ಪ ಎಲ್ಲಾ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ. "ಎಲ್ಲಾ ಛಲೋ ಐತಪ್ಪ. ಆಡಿದ್ರೆ ದಿನಕ್ಕೆ ಎಷ್ಟು ಬರ್ತೈತಿ?"

ನನ್ನ ಶೀಟಿನಲ್ಲಿ ಆ ಕಾಲಂ ಇರಲಿಲ್ಲ.

ಸಿಟಿಯಲ್ಲಿ ಬೆಳೆದವರಿಗೆ ಈ ಪ್ರಶ್ನೆ ಸಣ್ಣದು ಅನ್ನಿಸಬಹುದು. ಆದರೆ ನಾಟಿ ಟೈಮಿನಲ್ಲಿ ತಂಗಿಯೂ ಅವರಮ್ಮನ ಜೊತೆ ಗದ್ದೆಗೆ ಇಳೀತಾಳೆ. ಅವಳು ಹೋದರೆ ಅವಳ ಜಾಗಕ್ಕೆ ಒಬ್ಬರನ್ನು ಕೂಲಿಗೆ ಕರೀಬೇಕು. ಟೂರ್ನಮೆಂಟಿಗೆ ಹೋದ ಪ್ರತಿ ದಿನವೂ ಆ ಮನೆಗೆ ಒಂದು ದಿನದ ಕೂಲಿ ಲಾಸ್. ಚಿಕ್ಕಪ್ಪ ಆಟದ ವಿರೋಧಿ ಅಲ್ಲವೇ ಅಲ್ಲ, ಊರ ಜಾತ್ರೆಯ ಕಬಡ್ಡಿಯಲ್ಲಿ ಮುಂದೆ ಕೂತು ಕೂಗೋರು ಅವರೇ. ಅವರು ಕೇಳಿದ್ದು ಲೆಕ್ಕ.

ರಗ್ಬಿ ಲೀಗ್ ಹುಟ್ಟಿದ್ದೂ ಇದೇ ಲೆಕ್ಕದಿಂದ ಅಂತ ಓದಿದ್ದು ಆಮೇಲೆ ನೆನಪಾಯಿತು. ಉತ್ತರ ಇಂಗ್ಲೆಂಡಿನಲ್ಲಿ ರಗ್ಬಿ ಆಡುತ್ತಿದ್ದವರಲ್ಲಿ ಎಷ್ಟೋ ಜನ ಕಲ್ಲಿದ್ದಲು ಗಣಿಯವರು, ಗಿರಣಿ ಕಾರ್ಮಿಕರು. ಶನಿವಾರವೂ ಕೆಲಸ ಇರೋದು. ಮ್ಯಾಚ್ ಆಡಿದರೆ ಆ ಹೊತ್ತಿನ ಸಂಬಳ ಹೋಯಿತು. ಹೋದ ಸಂಬಳವನ್ನಾದರೂ ಕ್ಲಬ್‌ಗಳು ಕೊಡಲಿ ಅಂತ ಕೇಳಿದರು. ಆಟ ಅಂದ ಮೇಲೆ ದುಡ್ಡು ಮುಟ್ಟಬಾರದು ಅಂತ ದೊಡ್ಡವರು ಒಪ್ಪಲಿಲ್ಲ. ಸಿರಿವಂತರ ಮಕ್ಕಳಿಗೆ ಆ ರೂಲು ಕಷ್ಟವೇ ಅಲ್ಲ ಬಿಡಿ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್‌ಗಳು ಸೇರಿ ಬೇರೆಯಾದವು. ಕೆಲಸ ತಪ್ಪಿದ ದಿನಕ್ಕೆ 6 ಶಿಲ್ಲಿಂಗ್ ತನಕ ಕೊಡಬಹುದು ಅಂತ ತೀರ್ಮಾನ ಮಾಡಿದರು. ಹದಿಮೂರು ಜನರ ರೂಲು ಬಂದಿದ್ದು 1906ರಲ್ಲಿ, ಕೂಲಿಯ ರೂಲು ಬಂದಿದ್ದು ಅದಕ್ಕೂ ಮೊದಲು! ಇವತ್ತು ನಾವು ಎಣಿಸೋ ಆಸ್ಟ್ರೇಲಿಯಾದ 12 ಕಪ್‌ಗಳ ಬೇರು ಆ 6 ಶಿಲ್ಲಿಂಗ್‌ನಲ್ಲಿದೆ. ಗಣಿ ಊರಾದ ಬಳ್ಳಾರಿಯ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಚಿಕ್ಕಪ್ಪನಿಗೆ ನಾನು ಸುಳ್ಳು ಭರವಸೆ ಕೊಡಲಿಲ್ಲ. ಪ್ರೊ ಕಬಡ್ಡಿಯ ದುಡ್ಡು ಗಂಡು ಹುಡುಗರಿಗೆ ಮಾತ್ರ ಅಂತ ಹೇಳಿದೆ. 2016ರಲ್ಲಿ ಹೆಣ್ಣುಮಕ್ಕಳಿಗೆ ಅಂತ ಮೂರು ತಂಡಗಳ ಒಂದು ಪುಟ್ಟ ಲೀಗ್ ಮಾಡಿದ್ದರು. ಫೈನಲ್‌ನ ಎರಡೂ ತಂಡಗಳ ನಾಯಕಿಯರು ನಮ್ಮ ಕರ್ನಾಟಕದವರೇ, ತೇಜಸ್ವಿನಿ ಬಾಯಿ ಮತ್ತು ಮಮತಾ ಪೂಜಾರಿ. 24-23ರಲ್ಲಿ ತೇಜಸ್ವಿನಿ ತಂಡ ಗೆದ್ದಿತು. ಮುಂದಿನ ವರ್ಷ ಆ ಲೀಗೇ ಇರಲಿಲ್ಲ. ದೇಶದ ತಂಡದಲ್ಲಿ 12 ಜನಕ್ಕಷ್ಟೇ ಜಾಗ, ಆಡೋರು ಸಾವಿರಾರು, ಇದನ್ನೂ ಹೇಳಿದೆ. ಪ್ರಾಬಬಿಲಿಟಿ ಪೇಪರ್ ಬರೆದವನಿಗೆ ಅಷ್ಟಾದರೂ ನಿಯತ್ತು ಬೇಕಲ್ಲ.

ಕೊನೆಗೆ ಮಮತಾ ಪೂಜಾರಿ ಅವರಿಗೆ ಕಬಡ್ಡಿಯಿಂದಲೇ ದಕ್ಷಿಣ ಮಧ್ಯ ರೈಲ್ವೆಯಲ್ಲಿ ನೌಕರಿ ಸಿಕ್ಕಿತು ಅಂದೆ. ಚಿಕ್ಕಪ್ಪ ತಲೆ ಎತ್ತಿದರು. "ರೈಲ್ವೆದಾಗಾ? ನಮ್ಮ ಗುಂತಕಲ್ ಕಡೆದು?" ಅಂದರು. ಎಂಟು ಚಿನ್ನ ಮಾಡದ ಕೆಲಸವನ್ನು ರೈಲ್ವೆ ಅನ್ನೋ ಒಂದು ಪದ ಮಾಡಿತು. ಆದರೂ ಅವರು ಹೂಂ ಅನ್ನಲಿಲ್ಲ, ಮಗಳ ಕಡೆ ನೋಡಿ, "ನೌಕರಿ ಸಿಗದಿದ್ರೆ?" ಅಂದರು.

ಅವಳು ನನ್ನ ಶೀಟಿನ ಕಡೆ ನೋಡಲೂ ಇಲ್ಲ. "ಸಿಗದಿದ್ರೆ ಪಿಯುಸಿ ಆದ್ರೂ ಆಗಿರ್ತತಲ್ಲಪ್ಪ. ಇಲ್ಲೇ ಇದ್ರೆ ಎರಡೂ ಇಲ್ಲ" ಅಂದಳು. ನಾನು ಒಂದು ಗಂಟೆ ಹೇಳಿದ್ದಕ್ಕಿಂತ ಆ ಮಾತು ಗಟ್ಟಿ ಇತ್ತು. ಅವತ್ತು ರಾತ್ರಿ ನನ್ನ ಲ್ಯಾಪ್‌ಟಾಪ್‌ನಲ್ಲಿ ಅವಳು ಹಾಕು ಅಂದ ಮ್ಯಾಚ್ ಯಾವುದು ಗೊತ್ತಾ? ಗೆದ್ದದ್ದು ಯಾವುದೂ ಅಲ್ಲ. 2018ರ ಆ ಫೈನಲ್, ಇರಾನ್ ಗೆದ್ದದ್ದು. ಅವರ ಹುಡುಗಿಯರು ಕೈ ಕೈ ಹಿಡಿದು ಚೈನ್ ಹಾಕೋದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಳು.

ಜೂನ್‌ನಲ್ಲಿ ಅವಳು ಹೋದಳು. ನವೆಂಬರ್‌ನಲ್ಲಿ ಢಾಕಾದಲ್ಲಿ ಭಾರತದ ಮಹಿಳೆಯರು ಚೈನೀಸ್ ತೈಪೆಯನ್ನು 35-28ರಿಂದ ಸೋಲಿಸಿ ಮತ್ತೆ ವಿಶ್ವಕಪ್ ಗೆದ್ದಾಗ ಹಾಸ್ಟೆಲಿನಿಂದ ಫೋನ್ ಮಾಡಿ ಕಿರುಚಿದಳು. ತಂಡದಲ್ಲಿ ಮಂಗಳೂರು ಕಡೆಯ ಧನಲಕ್ಷ್ಮಿ ಪೂಜಾರಿ ಇದ್ದರು, ಅದು ಅವಳಿಗೆ ಇನ್ನೂ ಖುಷಿ. ದೇಶದ ತಂಡಕ್ಕೆ ಅವಳು ಹೋಗ್ತಾಳೋ ಇಲ್ಲವೋ ಯಾರೂ ಹೇಳಲಾರರು. ಅವಳಿನ್ನೂ ಜಿಲ್ಲಾ ಮಟ್ಟ ದಾಟಬೇಕು.

ನಮ್ಮ ಕ್ಯಾಂಪಸ್ಸಿನಲ್ಲೂ ಇಂಥವರಿದ್ದಾರೆ. ಜೋನಲ್ ಮ್ಯಾಚಿಗೆ ಅಂತ ಹೋಗಿ, ಲ್ಯಾಬ್ ತಪ್ಪಿಸಿಕೊಂಡು, ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟಿನಲ್ಲಿ ಹೆಸರು ನೋಡೋರು. ಟ್ರೋಫಿ ಜೊತೆ ಫೋಟೋಗೆ ನಾವೆಲ್ಲ ನಿಲ್ತೀವಿ. ಅವರಿಗೆ ತಪ್ಪಿಹೋದ ಕ್ಲಾಸಿನ ನೋಟ್ಸ್ ಕೊಡೋದು, ರೆಕಾರ್ಡ್ ಬರೆಯೋಕೆ ಜೊತೆಗೆ ಕೂರೋದು ನಮ್ಮ ಕೈಲಿ ಆಗೋ 6 ಶಿಲ್ಲಿಂಗ್.

ಚಿಕ್ಕಪ್ಪ ಕಳೆದ ನಾಟಿಗೆ ಒಬ್ಬ ಹೆಂಗಸನ್ನು ಹೆಚ್ಚಿಗೆ ಕೂಲಿಗೆ ಕರೆದರು. ಆ ದುಡ್ಡು ಯಾವುದಕ್ಕೆ ಹೋಯಿತು ಅಂತ ಅವರು ಯಾರಿಗೂ ಹೇಳಿಲ್ಲ. ನನ್ನ ಎಕ್ಸೆಲ್ ಶೀಟಿನಲ್ಲಿ ಈಗ ಅದಕ್ಕೊಂದು ಕಾಲಂ ಇದೆ.