ಜಾಗ ಬದಲಿಸುವ ತಪ್ಪು



ಕಳೆದ ವಾರ ಪುಸ್ತಕದ ಕಪಾಟನ್ನು ಒಪ್ಪ ಮಾಡುತ್ತಿದ್ದಾಗ ನನ್ನ ಹಳೆಯ ಲಾಗರಿದಮ್ ಕೋಷ್ಟಕದ ಪುಸ್ತಕದೊಳಗಿಂದ ಅರ್ಧ ಗೇಣುದ್ದದ ಹಸಿರು ಪಟ್ಟಿಯೊಂದು ಜಾರಿ ಬಿತ್ತು. ಮೊಮ್ಮಗಳು ಅದನ್ನೆತ್ತಿಕೊಂಡು "ತಾತ, ಇದೇನು?" ಎಂದಳು. ಗಣಕಯಂತ್ರವೊಂದರ ಕೆಟ್ಟುಹೋದ ರ‍್ಯಾಮ್ ಪಟ್ಟಿ ಎಂದೆ. "ಕೆಟ್ಟಿದ್ದನ್ನು ಯಾಕೆ ಇಟ್ಟುಕೊಂಡಿದ್ದೀಯ?" ಎಂಬ ಅವಳ ಮರುಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸಲಾಗಲಿಲ್ಲ. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದು 2005ರ ಬೇಸಿಗೆ. ನಾನು ನಿವೃತ್ತನಾಗಿ ಒಂದು ವರ್ಷವಾಗಿತ್ತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ನನ್ನ ತಂಗಿಯ ಮಗ ತನ್ನ ಹಳೆಯ ಪೆಂಟಿಯಂ 3 ಗಣಕವನ್ನು ನನಗೆ ತಂದುಕೊಟ್ಟ. ಜೊತೆಗೆ ಆ ವರ್ಷದ ಫೆಬ್ರವರಿಯಲ್ಲಿ ಹೊರಬಂದಿದ್ದ ಸ್ಲ್ಯಾಕ್‌ವೇರ್ 10.1 ಎಂಬ ಲಿನಕ್ಸ್ ವ್ಯವಸ್ಥೆಯ ಸಿ.ಡಿ.ಗಳನ್ನೂ ಕೊಟ್ಟ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸಿನ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಉತ್ತರವನ್ನಷ್ಟೇ ಬರೆದು ಹಂತಗಳನ್ನು ಬಿಟ್ಟವರಿಗೆ ನಾನು ಪೂರ್ಣ ಅಂಕ ಕೊಡುತ್ತಿರಲಿಲ್ಲವೆಂಬುದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಇಲ್ಲಿ ಹಂತಗಳೆಲ್ಲ ತೆರೆದೇ ಇದ್ದವು. ನನಗೆ ಮೆಚ್ಚುಗೆಯಾಗಲು ಅಷ್ಟೇ ಸಾಕಾಯಿತು.

ವ್ಯವಸ್ಥೆ ಅನುಗೊಂಡಿತಾದರೂ ಗಣಕದಿಂದ ಧ್ವನಿ ಹೊರಡಲಿಲ್ಲ. ನನಗೋ ಮಲ್ಲಿಕಾರ್ಜುನ ಮನ್ಸೂರರ ಸಿ.ಡಿ.ಯೊಂದನ್ನು ಕೇಳುವ ಆಸೆ. ಸೋದರಳಿಯನಿಗೆ ಫೋನ್ ಮಾಡಿದೆ. ಲಿನಕ್ಸಿನ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಯಂತ್ರದ ಭಾಗಗಳಿಗೂ ಉಳಿದ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಮಾಡಿಸುವುದು ಅದೇ. ಸ್ಲ್ಯಾಕ್‌ವೇರ್ ಜೊತೆ ಬಂದದ್ದು 2.4 ಸರಣಿಯ ಕರ್ನೆಲ್. 2003ರ ಡಿಸೆಂಬರಿನಲ್ಲಿ ಆರಂಭವಾದ 2.6 ಸರಣಿಯಲ್ಲಿ ಆಲ್ಸಾ ಎಂಬ ಹೊಸ ಧ್ವನಿವ್ಯವಸ್ಥೆಯೂ ಸೇರಿದೆ, ಅದನ್ನು ಕಂಪೈಲ್ ಮಾಡಿ ನೋಡಿ ಎಂದ. ಕಂಪೈಲ್ ಎಂದರೆ ಮನುಷ್ಯರು ಓದಬಲ್ಲ ಮೂಲ ಬರಹವನ್ನು ಯಂತ್ರದ ಭಾಷೆಗೆ ಇಳಿಸುವುದು. ಅದಕ್ಕೂ ಮೊದಲು ಉದ್ದನೆಯ ಪಟ್ಟಿಯೊಂದರಲ್ಲಿ, ಒಂದೊಂದು ಅಂಶವೂ ತಿರುಳಿನೊಳಗೇ ಇರಬೇಕೋ, ಬೇಕಾದಾಗ ಸೇರಿಕೊಳ್ಳುವ ಮಾಡ್ಯೂಲ್ ಆಗಿ ಹೊರಗಿರಬೇಕೋ, ಬೇಡವೇ ಬೇಡವೋ ಎಂದು ಗುರುತು ಹಾಕಬೇಕು. ಎರಡು ದಿನ ಕುಳಿತು ಗುರುತು ಹಾಕಿದೆ. ಮೂರನೆಯ ದಿನ ಬೆಳಿಗ್ಗೆ 'ಮೇಕ್' ಎಂಬ ಆಜ್ಞೆ ಕೊಟ್ಟು ತಿಂಡಿಗೆ ಎದ್ದೆ.

ತಿಂಡಿ ಮುಗಿಸಿ ಬರುವಷ್ಟರಲ್ಲಿ ಕೆಲಸ ನಿಂತುಹೋಗಿತ್ತು. ಕಂಪೈಲರ್ ಸಿಗ್ನಲ್ 11ರಿಂದ ಸತ್ತಿದೆ ಎಂದು ಪರದೆ ಹೇಳುತ್ತಿತ್ತು. ತನಗೆ ಸೇರದ ಸ್ಮೃತಿಯ ಜಾಗಕ್ಕೆ ಕೈಹಾಕಿದ ತಂತ್ರಾಂಶವನ್ನು ವ್ಯವಸ್ಥೆ ಹೀಗೆ ಹೊರದೂಡುತ್ತದೆ. ನಾನು ನೋಟ್‌ಬುಕ್ಕಿನಲ್ಲಿ ನಿಂತ ಕಡತದ ಹೆಸರು ಬರೆದುಕೊಂಡು ಮತ್ತೆ ಅದೇ ಆಜ್ಞೆ ಕೊಟ್ಟೆ. ಆಶ್ಚರ್ಯವೆಂದರೆ, ಮೊದಲು ನಿಂತಿದ್ದ ಕಡತ ಈ ಬಾರಿ ಸಲೀಸಾಗಿ ದಾಟಿತು. ಬಹಳ ಮುಂದೆ ಇನ್ನೊಂದು ಕಡತದಲ್ಲಿ ನಿಂತಿತು. ಮೂಲ ಬರಹದ ಗಂಟನ್ನು ಹೊಸದಾಗಿ ಬಿಚ್ಚಿ ಮೊದಲಿನಿಂದ ಆರಂಭಿಸಿದೆ. ಆಗ ನಿಂತದ್ದು ಮೂರನೆಯದೇ ಜಾಗದಲ್ಲಿ. ಬಿಸಿಲ ಝಳವಿರಬಹುದೆಂದು ಪೆಟ್ಟಿಗೆಯ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಹಚ್ಚಿದೆ. "ಅಡುಗೆಮನೆಯಲ್ಲಿ ಬೇಯುತ್ತಿರುವ ಮನುಷ್ಯರಿಗಿಲ್ಲದ ಫ್ಯಾನು ಅದಕ್ಕೆ!" ಎಂದಳು ನನ್ನಾಕೆ. ಗಾಳಿ ಬೀಸಿದರೂ ಕಂಪೈಲರ್ ಸಾಯುವುದು ನಿಲ್ಲಲಿಲ್ಲ.

ಆ ರಾತ್ರಿ ಸೋದರಳಿಯನಿಗೆ ನನ್ನ ಟಿಪ್ಪಣಿಗಳನ್ನು ಓದಿ ಹೇಳಿದೆ. ಅವನು ತುಸು ಯೋಚಿಸಿ, "ಮಾವ, ತಪ್ಪು ಪ್ರತಿ ಸಲವೂ ಒಂದೇ ಕಡೆ ಆದರೆ ಬರಹದಲ್ಲೋ ನಿಮ್ಮ ಆಯ್ಕೆಯಲ್ಲೋ ದೋಷ ಇರುತ್ತೆ. ಜಾಗ ಬದಲಿಸ್ತಾ ಇದ್ದರೆ ಬರಹದಲ್ಲಿ ಹುಡುಕಬೇಡಿ. ರ‍್ಯಾಮ್ ನೋಡಿ" ಎಂದ. ಕಂಪೈಲರ್ ಸ್ಮೃತಿಯನ್ನು ವಿಪರೀತವಾಗಿ ದುಡಿಸುತ್ತದೆ. ಒಂದೇ ಒಂದು ಬಿಟ್ ಸೊನ್ನೆಯ ಬದಲು ಒಂದಾದರೂ ಸಾಕು, ಬರೆದಿಟ್ಟ ಮೂರು ಓದುವಾಗ ಏಳಾಗಿರುತ್ತದೆ. ದ್ವಿಮಾನದಲ್ಲಿ 011 ಮತ್ತು 111ರ ನಡುವಿನ ಅಂತರ ಅಷ್ಟೇ. ಆ ಕೆಟ್ಟ ಮನೆ ಇಂದು ಈ ಕಡತದ ಪಾಲಿಗೆ ಬಂದರೆ ನಾಳೆ ಇನ್ನೊಂದರ ಪಾಲಿಗೆ.

ಅವನು ಕಳುಹಿಸಿದ ಮೆಮ್‌ಟೆಸ್ಟ್86 ಎಂಬ ಪರೀಕ್ಷಾ ತಂತ್ರಾಂಶವನ್ನು ಫ್ಲಾಪಿಯಿಂದ ನಡೆಸಿದೆ. ಸ್ಮೃತಿಯ ಮನೆಮನೆಯಲ್ಲೂ ಅಂಕಿ ಬರೆದು, ಮತ್ತೆ ಓದಿ, ತಾಳೆ ನೋಡುತ್ತದೆ ಅದು. ಕೆಲಹೊತ್ತಿನಲ್ಲೇ ಪರದೆಯ ಮೇಲೆ ಕೆಂಪು ಸಾಲುಗಳು ಇಳಿಯತೊಡಗಿದವು. ಇದ್ದ ಎರಡು ಪಟ್ಟಿಗಳಲ್ಲಿ ಒಂದೊಂದನ್ನೇ ಇಟ್ಟು ಪರೀಕ್ಷಿಸಿ, ಕೆಟ್ಟದ್ದನ್ನು ಹೊರತೆಗೆದೆ. ಉಳಿದ ಒಂದರಲ್ಲೇ ಕರ್ನೆಲ್ ಎಲ್ಲಿಯೂ ನಿಲ್ಲದೆ ಕಂಪೈಲ್ ಆಯಿತು.

ಆದರೆ ಹೊಸ ಕರ್ನೆಲ್ ಏಳಲಿಲ್ಲ. ಮೂಲ ಕಡತವ್ಯವಸ್ಥೆಯನ್ನು ತೆರೆಯಲಾಗದೆ ದಿಗಿಲುಗೊಂಡು ನಿಂತಿತು; ಅದಕ್ಕೆ 'ಕರ್ನೆಲ್ ಪ್ಯಾನಿಕ್' ಎಂದೇ ಹೆಸರು. ಮೂರು ಬಾರಿ ಯತ್ನಿಸಿದೆ, ಮೂರು ಬಾರಿಯೂ ಅದೇ ಸಾಲು. ಈಗ ನಾನು ಪಟ್ಟಿಯತ್ತ ತಿರುಗಿದೆ. ಡಿಸ್ಕನ್ನು ರೈಸರ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯಲ್ಲಿ ಅಣಿಗೊಳಿಸಿದ್ದೆ. ಅದನ್ನು ಓದಬಲ್ಲ ಭಾಗವನ್ನು ತಿರುಳು ಹಗುರಾಗಲೆಂದು ಮಾಡ್ಯೂಲ್ ಮಾಡಿದ್ದೆ. ಆ ಮಾಡ್ಯೂಲ್ ಇದ್ದದ್ದು ಅದೇ ಡಿಸ್ಕಿನೊಳಗೆ. ಬೀಗದಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತಾಗಿತ್ತು! ಒಂದು ಗುರುತು ಬದಲಿಸಿ ಮತ್ತೆ ಕಂಪೈಲ್ ಮಾಡಿದೆ. ಗಣಕ ಎದ್ದು ನಿಂತಿತು. ಅಂದು ಸಂಜೆ ಮನ್ಸೂರರು ನಮ್ಮ ಹಜಾರದಲ್ಲಿ ಹಾಡಿದರು.

ಹಾಡು ಕೇಳುತ್ತ ಕುಳಿತವನಿಗೆ ಸಂತೋಷಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಎಂಬತ್ತರ ದಶಕದ ಹುಡುಗನೊಬ್ಬ ನೆನಪಾಗಿದ್ದ. ಎತ್ತರದ ಹುಡುಗನಾದುದರಿಂದ ಕಡೆಯ ಬೆಂಚು. ಬೋರ್ಡಿನ ಮೇಲೆ ಲೆಕ್ಕ ಬರೆದರೆ ಅವನ ಉತ್ತರ ಮಾತ್ರ ಬೇರೆ. ಅವನ ತಪ್ಪು ಎಂದೂ ಒಂದೇ ಕಡೆ ಇರುತ್ತಿರಲಿಲ್ಲ. ಇಂದು ಮೂರನ್ನು ಎಂಟೆಂದು ಬರೆದರೆ ನಾಳೆ ಆರು ಸೊನ್ನೆಯಾಗುತ್ತಿತ್ತು. ಕ್ರಮವೆಲ್ಲ ಸರಿ, ಅಂಕಿ ತಪ್ಪು. ನಾನು ಅದನ್ನು ಅಜಾಗರೂಕತೆ ಎಂದು ತೀರ್ಮಾನಿಸಿ, ಒಂದೊಂದು ಲೆಕ್ಕವನ್ನೂ ಹತ್ತು ಹತ್ತು ಸಲ ಬರೆಸಿದೆ. ಬೆಂಚಿನ ಮೇಲೆ ನಿಲ್ಲಿಸಿದೆ. ಒಂಬತ್ತನೆಯ ತರಗತಿಯ ನಡುವೆಯೇ ಅವನು ಶಾಲೆ ಬಿಟ್ಟ. ಹಲವು ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ದಪ್ಪ ಗಾಜಿನ ಕನ್ನಡಕ ಹಾಕಿದ್ದ. "ಆಗ ಬೋರ್ಡೇ ಕಾಣ್ತಿರಲಿಲ್ಲ ಸಾರ್" ಎಂದು ನಕ್ಕಿದ್ದ. ಪಾಪ ಎಂದುಕೊಂಡು ನಾನು ಬಸ್ಸು ಹತ್ತಿದ್ದೆ.

ಅವನು ಹೇಳಬೇಕಾಗಿರಲಿಲ್ಲವೆಂಬುದು ಆ ಸಂಜೆ ಹೊಳೆಯಿತು. ಸಾಕ್ಷಿ ನಾನೇ ಕೆಂಪು ಶಾಯಿಯಲ್ಲಿ ಗುರುತು ಹಾಕಿದ ನೋಟ್‌ಬುಕ್ಕುಗಳಲ್ಲಿತ್ತು. ನಾನು ತಪ್ಪುಗಳನ್ನು ಎಣಿಸಿದ್ದೆ. ಅವು ಎಲ್ಲೆಲ್ಲಿವೆ ಎಂದು ನೋಡಿರಲಿಲ್ಲ. ಯಂತ್ರಕ್ಕಾಗಿ ಟಿಪ್ಪಣಿ ಮಾಡಿಕೊಂಡಷ್ಟು ತಾಳ್ಮೆಯನ್ನು ಆ ಹುಡುಗನಿಗಾಗಿ ತೋರಿರಲಿಲ್ಲ.

ಮರುವಾರವೇ ಅವನ ಸೈಕಲ್ ಅಂಗಡಿಯನ್ನು ಹುಡುಕಿಕೊಂಡು ಹೋದೆ. ತಪ್ಪು ನನ್ನದು ಎಂದು ಹೇಳಿದಾಗ ಅವನಿಗೆ ಮುಜುಗರವಾಯಿತು. "ಅದೆಲ್ಲ ಈಗ್ಯಾಕೆ ಸಾರ್, ಕಾಫಿ ಕುಡೀರಿ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಳಿಗೆ ಲೆಕ್ಕ ಬರ್ತಿಲ್ಲ, ಒಂದ್ಸಲ ನೋಡ್ತೀರಾ?" ಎಂದು ಕೇಳಿದ.

ಆ ಹುಡುಗಿಯ ನೋಟ್‌ಬುಕ್ ತೆರೆದು, ಲೆಕ್ಕ ಹೇಳಿಕೊಡುವ ಮೊದಲು ಪುಟಪುಟಗಳನ್ನೂ ತಿರುವಿದೆ. ತಪ್ಪುಗಳೆಲ್ಲ ಒಂದೇ ಜಾಗದಲ್ಲಿದ್ದವು. ಕಳೆಯುವಾಗ ನಡುವೆ ಸೊನ್ನೆ ಬಂದರೆ ದಶಕ ಎಲ್ಲಿಂದ ತರಬೇಕೆಂಬುದು ಅವಳಿಗೆ ತಿಳಿದಿರಲಿಲ್ಲ, ಅಷ್ಟೇ. ಕಡಲೆಕಾಯಿಗಳನ್ನು ಹತ್ತು ಹತ್ತರ ಗುಂಪು ಮಾಡಿ ತೋರಿಸಿದೆ. ಕತ್ತಲಾಗುವುದರೊಳಗೆ ಅವಳು ಸಾವಿರದಿಂದ ಏನನ್ನು ಬೇಕಾದರೂ ಕಳೆಯುತ್ತಿದ್ದಳು. ಆದರೂ ಹೊರಡುವ ಮುನ್ನ, ಕಣ್ಣು ಪರೀಕ್ಷೆ ಮಾಡಿಸು ಎಂದು ಅವಳ ತಂದೆಗೆ ಹೇಳಿಯೇ ಬಂದೆ.

ನಿಮ್ಮಲ್ಲಿ ಈಗ ಕೆಲವರು ಮೇಷ್ಟ್ರುಗಳಾಗಿದ್ದೀರಿ, ಹಲವರು ತಂದೆತಾಯಿಗಳಾಗಿದ್ದೀರಿ. ಆ ಪಟ್ಟಿಯನ್ನು ನಾನು ಏಕೆ ಇಟ್ಟುಕೊಂಡಿದ್ದೇನೆಂದು ನಿಮಗೆ ತಿಳಿಯಿತೆಂದುಕೊಳ್ಳುತ್ತೇನೆ. ಮೊಮ್ಮಗಳು ಅದನ್ನು ಮತ್ತೆ ಅದೇ ಪುಸ್ತಕದೊಳಗೆ ಇಟ್ಟಿದ್ದಾಳೆ.