ಕೈಗೆ ಕೇಳಿದ ಸದ್ದು

ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೊರಟಾಗ ನಮ್ಮ ಹಳೇ ಕಾರು ಮತ್ತೆ ಗೊರಗೊರ ಅಂದಿತು. ಅಪ್ಪನಿಗೆ ಕಿವಿ ಮಂದ. ‘ಗೇರ್‌ಬಾಕ್ಸ್ ಹೋಯ್ತಪ್ಪಾ, ಮಾರಿಬಿಡೋಣ’ ಎಂದು ಕೂಗಿದೆ.

ಕಾರು ನಿಲ್ಲಿಸಿ ನ್ಯೂಟ್ರಲ್‌ನಲ್ಲಿಡಲು ಹೇಳಿದರು. ಎಂಜಿನ್ ಓಡುತ್ತಿತ್ತು. ಗೇರ್ ಲಿವರ್ ಮೇಲೆ ಅಂಗೈ ಇಟ್ಟರು. ‘ಕ್ಲಚ್ ಒತ್ತು. ಈಗ ಬಿಡು.’ ಒತ್ತಿದಾಗ ನಡುಕ ನಿಂತಿತು, ಬಿಟ್ಟಾಗ ಬಂತು.

‘ಒತ್ತಿದಾಗ ಬಂದಿದ್ರೆ ಕ್ಲಚ್ ಬೇರಿಂಗ್ ಅನ್ನಬಹುದಿತ್ತು. ಇದು ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಕಣೋ. ಮೊದಲು ಆಯಿಲ್ ನೋಡ್ಸು.’

ಚನ್ನಪಟ್ಟಣದಲ್ಲಿ ನಲವತ್ತು ವರ್ಷ ಹಾಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ ಗೊಂಬೆ ಮಾಡಿದ ಕೈ ಅದು. ಮೆಕ್ಯಾನಿಕ್ ಬಿಚ್ಚಿದಾಗ ಆಯಿಲ್ ತಳ ಕಂಡಿತ್ತು, ಬೇರಿಂಗ್ ಸವೆದಿತ್ತು.

ಕಾರು ಮಾರಲಿಲ್ಲ. ಅಪ್ಪನ ಕಿವಿಯನ್ನು ಮಾತ್ರ ಇಷ್ಟು ದಿನ ‘ವಯಸ್ಸಾಯ್ತು’ ಎಂದು ನಾನೇ ಬಿಟ್ಟಿದ್ದೆ. ಆ ವಾರವೇ ಡಾಕ್ಟರ ಬಳಿ ಕರೆದೊಯ್ದೆ.